ಕೈ ಎತ್ತಿದ ಕೆಸರಣ್ಣ

ಡ್ರೈವರ್ ತೀರಿಕೊಂಡ ಮೇಲೆ ಕೆಸರಣ್ಣ ಬಂದ. ಸ್ವಲ್ಪ ಮೊದಲೇ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ಹಡಗಿನಲ್ಲಿ ಬರುವ ಸಾಮಾನಿಗೆ ಯಾರ ಕಾಯಿಲೆಯ ಗೊಡವೆಯೂ ಇರುವುದಿಲ್ಲ.

ಪಾರ್ಸೆಲ್ ಎಂದಿನಂತೆ ಡ್ರೈವರನ ಮನೆಗೇ ಹೋಯಿತು. ಅವನ ಹೆಂಡತಿ ಸಹಿ ಹಾಕಿ ತೆಗೆದುಕೊಂಡರು. ಡಬ್ಬವನ್ನು ಊಟದ ಮೇಜಿನ ಮೇಲಿಟ್ಟು ಹಲ್ಲಪ್ಪನಿಗೆ ಫೋನ್ ಮಾಡಿದರು.

"ಹಲ್ಲಪ್ಪೋರೇ, ನಿಮ್ಮ ಭೂತ ಬಂದಿದೆ. ಬಂದು ತಗೊಂಡು ಹೋಗಿ."

"ಬರ್ತೀನಿ ಅತ್ತಿಗೆ," ಎಂದ ಹಲ್ಲಪ್ಪ. ಅವನ ಎಡಗೈಯಲ್ಲಿ ಯಾರದೋ ಕೆಳದವಡೆ ಇತ್ತು. ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಏನು ಮಾಡುತ್ತಿದ್ದೆ ಎನ್ನುವುದನ್ನೇ ಮರೆತವನಂತೆ ಕೂತ.

ಹಲ್ಲಪ್ಪ ಎನ್ನುವುದು ಅವನ ಹೆಸರಲ್ಲ, ಡ್ರೈವರ್ ಇಟ್ಟದ್ದು. ಇವನು ಹಲ್ಲು ಮಾಡುವವನು. ಹಲ್ಲಿನ ಕ್ಲಿನಿಕ್ಕಿನ ಹಿಂಬದಿಯಲ್ಲಿ, ಒಂದೇ ಕಿಟಕಿಯ ಉದ್ದನೆಯ ಕೋಣೆಯಲ್ಲಿ ಕೂತು, ಹಲ್ಲು ಉದುರಿದವರಿಗೆ ಹೊಸ ಸೆಟ್ಟು ಕಟ್ಟಿಕೊಡುವುದು ಇವನ ಕಸುಬು. ಮುಂದಿನ ಕೋಣೆಯಿಂದ ಡಾಕ್ಟರಮ್ಮ ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಅದಕ್ಕೆ ಪ್ಲಾಸ್ಟರ್ ಸುರಿದು, ಆ ಬಿಳಿ ದವಡೆಯ ಮೇಲೆ ಮೇಣದ ವಸಡು ಕಟ್ಟಿ, ಹಲ್ಲು ಕೂರಿಸುತ್ತಾನೆ. ಊರಿನ ಎಷ್ಟೋ ಜನರ ಬಾಯಿ ಅವನಿಗೆ ಗೊತ್ತು, ಮುಖ ಗೊತ್ತಿಲ್ಲ. ರಸ್ತೆಯಲ್ಲಿ ಯಾರಾದರೂ ಬಾಯಿ ತುಂಬ ನಕ್ಕರೆ ನಗುವಿನ ಕಾರಣ ಬಿಟ್ಟು ಬಾಯಿಯನ್ನೇ ನೋಡುತ್ತಾನೆ. ತನ್ನ ಕೆಲಸವೆಂದು ಗುರುತು ಹತ್ತಿದರೆ ಒಳಗೊಳಗೇ ಖುಷಿ. "ನಿಮ್ಮ ಹಲ್ಲು ನಾನು ಮಾಡಿದ್ದು" ಎಂದು ನಡುಬೀದಿಯಲ್ಲಿ ಯಾರಿಗೆ ಹೇಳಿಕೊಳ್ಳುವುದು?

ಮದುವೆ ಆಗಲಿಲ್ಲ. ಆಗಬಾರದೆಂಬ ಹಟವೇನೂ ಇರಲಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ಆ ಮಾತು ಮುಂದಕ್ಕೆ ಹೋಗುತ್ತಾ ಹೋಯಿತು. ಅಮ್ಮ ಹೋದ ಮೇಲೆ ಅದನ್ನು ಎತ್ತುವವರು ಇರಲಿಲ್ಲ. ಈಗ ಅವನದು ಮಹಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಅವನಿದ್ದಾನೆ, ಇನ್ನೊಂದರಲ್ಲಿ ರಾಕ್ಷಸರಿದ್ದಾರೆ. ಅಮ್ಮನ ಸೀರೆಗಳಿದ್ದ ಗಾಜಿನ ಬೀರುವಿನ ತುಂಬ ಸಿನಿಮಾ ರಾಕ್ಷಸರ ಬೊಂಬೆಗಳು: ರೆಕ್ಕೆಯ ಹಾವು, ಮೂರು ಕಣ್ಣಿನ ಕಪ್ಪೆ, ಕಟ್ಟಡ ನುಂಗುವ ಜೇಡ. ಧೂಳು ಹೊಡೆಯಲು ಅವನ ಹತ್ತಿರ ಒಂದು ಮೆತ್ತನೆಯ ಕುಂಚವಿದೆ. ವಾರಕ್ಕೊಮ್ಮೆ ಎಲ್ಲರಿಗೂ ಮುಖ ಒರೆಸುತ್ತಾನೆ.

ಈ ಹುಚ್ಚು ಹತ್ತಿಸಿದವನು ಡ್ರೈವರ್. ಶಾಲೆಯಲ್ಲಿ ಇವನಿಗಿಂತ ಎರಡು ತರಗತಿ ಮುಂದಿದ್ದ. ಆಮೇಲೆ ಊರಿನ ಬಸ್ಸು ಓಡಿಸುವವನಾದ. ದೊಡ್ಡ ಗಂಟಲು, ದೊಡ್ಡ ಹೊಟ್ಟೆ. ಪಿಸುಗುಟ್ಟಿದರೂ ಮೂರನೇ ಮನೆಗೆ ಕೇಳುತ್ತಿತ್ತು. ಹುಡುಗರಾಗಿದ್ದಾಗ ಒಮ್ಮೆ ಇವನನ್ನು ಕೈಹಿಡಿದು ಎಳೆದುಕೊಂಡು ಹೋಗಿ ಒಂದು ಪರದೇಶದ ಹಳೆಯ ಚಿತ್ರ ತೋರಿಸಿದ್ದ. ಬಂದರಿನ ಕೆಸರಿನೊಳಗಿಂದ ಮಣ್ಣುಬಣ್ಣದ ಒಂದು ಮಹಾಪ್ರಾಣಿ ಎದ್ದು ಬಂದು ಹಡಗುಗಳನ್ನು ಮುರಿಯುವ ಕಥೆ. ಮಾತು ಒಂದೂ ಅರ್ಥವಾಗಲಿಲ್ಲ. ರಬ್ಬರಿನ ವೇಷದೊಳಗೆ ಯಾರೋ ಮನುಷ್ಯ ಇದ್ದಾನೆನ್ನುವುದು ಮಾತ್ರ ಇಬ್ಬರಿಗೂ ಸ್ಪಷ್ಟವಾಗಿ ಗೊತ್ತಾಯಿತು. ವೇಷದ ಭುಜ ಎಷ್ಟು ಬಿಗಿಯಾಗಿತ್ತೆಂದರೆ ಪಾಪ, ಆ ಪ್ರಾಣಿಗೆ ಕೈ ಎದೆಯ ಮಟ್ಟಕ್ಕಿಂತ ಮೇಲಕ್ಕೆ ಏಳುತ್ತಿರಲಿಲ್ಲ. ಹಡಗನ್ನು ಹೊಟ್ಟೆಯಿಂದ ನೂಕಿ ಮುರಿಯುತ್ತಿತ್ತು. ಬಾಯಿ ತೆರೆದರೆ ಸಣ್ಣ, ಸವೆದ, ಸೊಟ್ಟಗಿನ ಹಲ್ಲುಗಳು, ವಯಸ್ಸಾದ ಗುಮಾಸ್ತನ ಬಾಯಿಯ ಹಾಗೆ. ಚಿತ್ರದ ಕೊನೆಯಲ್ಲಿ ಗುಂಡು ತಿಂದು ತಿಂದು ಸಾಕಾಗಿ, ಬಂದರಿನ ಗೋಡೆಯ ಮೇಲೆ ಉಸ್ಸೆಂದು ಕೂತುಬಿಡುತ್ತಿತ್ತು. ಅದರ ಭಾರಕ್ಕೆ ಗೋಡೆ ಮುರಿದು, ಮತ್ತೆ ಕೆಸರಿಗೇ ಬೀಳುತ್ತಿತ್ತು.

ಥಿಯೇಟರಿನಿಂದ ಹೊರಗೆ ಬಂದಾಗ ಡ್ರೈವರ್ ಕಣ್ಣೊರೆಸಿಕೊಳ್ಳುತ್ತಿದ್ದ. "ಸುಸ್ತಾಗಿಬಿಟ್ಟಿತ್ತು ಕಣೋ ನಮ್ಮ ಕೆಸರಣ್ಣಂಗೆ," ಎಂದ. ಆ ಹೆಸರು ಹಾಗೇ ಉಳಿಯಿತು.

ಮಧ್ಯವಯಸ್ಸಿಗೆ ಬಂದ ಮೇಲೆ ಇಬ್ಬರೂ ಸೇರಿ ಬೊಂಬೆ ತರಿಸತೊಡಗಿದರು. ಆಮೇಲೆ ಬಂದ ಬೊಂಬೆಗಳ ವಿಮರ್ಶೆ ಮಾಡಿ ವಿಡಿಯೊ ಹಾಕತೊಡಗಿದರು. ಚಾನೆಲ್ಲಿಗೆ 'ಹಲ್ಲು-ಹಾರ್ನ್' ಎಂದು ಹೆಸರು. ನೋಡುವವರು ಕೆಲವೇ ಜನ, ಆದರೆ ಬಿಟ್ಟು ಹೋಗದ ಜನ. ಭಾನುವಾರ ಬೆಳಿಗ್ಗೆ ಡ್ರೈವರನ ಮನೆಯ ಊಟದ ಮೇಜು, ಉಪ್ಪಿನ ಡಬ್ಬಿಗೆ ಒರಗಿಸಿದ ಫೋನು. ಇಬ್ಬರೂ ಎದುರೆದುರು ಇಲ್ಲದೆ ಯಾವ ಡಬ್ಬವನ್ನೂ ತೆರೆಯಬಾರದು, ಇದು ಕರಾರು. ಹಲ್ಲಪ್ಪ ಮೊದಲೇ ಫೋಟೊ ಸಹ ನೋಡುವವನಲ್ಲ. ಡಬ್ಬ ತೆರೆದ ಮೇಲೆ ತಪ್ಪು ಹುಡುಕುವುದು ಅವನ ಪಾಲು. ಬೊಂಬೆಯ ಪರ ವಾದಿಸುವುದು ಡ್ರೈವರನ ಪಾಲು. ಬೊಂಬೆ ಎಷ್ಟೇ ಕೆಟ್ಟದಾಗಿರಲಿ, ಡ್ರೈವರ್ ಅದನ್ನು ಬಿಟ್ಟುಕೊಡುತ್ತಿರಲಿಲ್ಲ.

ರೆಕ್ಕೆಯ ಹಾವು ಬಂದ ದಿನ ಹಲ್ಲಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ರೆಕ್ಕೆ ಹಿಂದುಮುಂದಾಗಿ ಅಂಟಿಸಿದಾರೆ," ಎಂದಿದ್ದ.

"ಹಿಂದುಮುಂದಾಗಿಲ್ಲ. ರಿವರ್ಸ್ ಗೇರಲ್ಲಿದೆ," ಎಂದಿದ್ದ ಡ್ರೈವರ್.

"ಹಾವಿಗೆ ರಿವರ್ಸ್ ಗೇರಾ?"

"ನಿನ್ನ ಥರ ಇರೋ ಮನುಷ್ಯ ಎದುರಿಗೆ ಬಂದರೆ ಹಾವೂ ರಿವರ್ಸ್ ಹೊಡೆಯತ್ತೆ ಕಣೋ."

ವಾರವಿಡೀ ಪ್ಲಾಸ್ಟರ್ ಬಾಯಿಗಳ ನಡುವೆ ತುಟಿ ಪಿಟಕ್ಕೆನ್ನದೆ ಕೂರುವ ಹಲ್ಲಪ್ಪ, ಭಾನುವಾರ ಆ ಮೇಜಿನ ಎದುರು ಮಾತ್ರ ಬಾಯಿಗೆ ಬಂದ ಹಾಗೆ ಮಾತಾಡುತ್ತಿದ್ದ. ಗದ್ದಲ ತಾಳಲಾರದೆ ಅತ್ತಿಗೆ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು.

ಕೆಸರಣ್ಣನ ಬೊಂಬೆಯನ್ನು ಯಾರೂ ಮಾಡಿರಲಿಲ್ಲ. ಅಷ್ಟು ಹೆಸರಾದ ರಾಕ್ಷಸನಲ್ಲ ಅವನು. ಹಾಗಿರುವಾಗ ಒಂದು ಕಂಪನಿ ಮಾಡುತ್ತೇವೆ ಎಂದು ಪ್ರಕಟಿಸಿದಾಗ ಡ್ರೈವರ್ ಬಸ್ಸು ಡಿಪೊದಲ್ಲಿ ಬಿಟ್ಟವನೇ ನೇರ ಕ್ಲಿನಿಕ್ಕಿಗೆ ಓಡಿಬಂದಿದ್ದ. ಹಲ್ಲು ಕೀಳಿಸಿಕೊಳ್ಳಲು ಕೂತಿದ್ದವರೆಲ್ಲ ಬೆಚ್ಚಿಬೀಳುವಂತೆ, "ಕೆಸರಣ್ಣ ಬರ್ತಿದಾನೆ!" ಎಂದು ಕೂಗಿದ್ದ. ಅಂದೇ ಮುಂಗಡ ಕಟ್ಟಿದರು. ಕಂಪನಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ದಿನ ದೂಡುತ್ತಾ ಹೋಯಿತು. ಅಷ್ಟರಲ್ಲಿ ಡ್ರೈವರನ ಕೆಮ್ಮು ಶುರುವಾಯಿತು. ಅದು ಬರೀ ಕೆಮ್ಮಲ್ಲ ಎಂದು ಗೊತ್ತಾಯಿತು. ಆಸ್ಪತ್ರೆಯ ಮಂಚದ ಮೇಲೆ ಆ ದೊಡ್ಡ ಹೊಟ್ಟೆ ಇಳಿಯುತ್ತಾ ಹೋಗಿ, ಹೊದಿಕೆಯ ಕೆಳಗೆ ಮನುಷ್ಯ ಇದ್ದಾನೋ ಇಲ್ಲವೋ ಎನ್ನುವ ಹಾಗಾಯಿತು. ಹಲ್ಲಪ್ಪ ಬಾಗಿಲಲ್ಲಿ ಕಾಣಿಸಿದ ತಕ್ಷಣ ಅವನು ಕೇಳುತ್ತಿದ್ದದ್ದು ಒಂದೇ: "ಬಂತಾ?"

"ಬರತ್ತೆ."

"ನಾನಿಲ್ಲದೆ ತೆಗೆದುಗಿಗೆದೀಯ."

ಈಗ ಅದು ಬಂದಿತ್ತು.

ಡಬ್ಬ ತರಲು ಹೋದಾಗ ಅತ್ತಿಗೆ ಕಾಫಿ ಕೊಟ್ಟರು. ಮೇಜಿನ ಆಚೆಬದಿಯ ಕುರ್ಚಿಯನ್ನು ಗೋಡೆಗೆ ಸರಿಸಿ, ಅದರ ಮೇಲೆ ಇಸ್ತ್ರಿ ಬಟ್ಟೆ ಒಟ್ಟಿದ್ದರು. ಹಲ್ಲಪ್ಪ ಕಾಫಿ ಮುಗಿಸುವವರೆಗೆ ಲೋಟವನ್ನೇ ನೋಡುತ್ತಿದ್ದ.

"ಇಲ್ಲೇ ತೆಗೀತೀರಾ?" ಎಂದು ಕೇಳಿದರು ಅತ್ತಿಗೆ.

"ಬೇಡ ಅತ್ತಿಗೆ. ಮನೆಗೆ ತಗೊಂಡು ಹೋಗ್ತೀನಿ."

"ಸರಿ. ಆದರೆ ಹೇಗಿದೆ ಅಂತ ನನಗೂ ಒಂದು ಮಾತು ಹೇಳಿ. ಅಷ್ಟು ಕಾದಿದ್ರಲ್ಲ ಅವರು. ಕಾದಿದ್ದಕ್ಕೆ ತಕ್ಕ ಹಾಗಿದೆಯಾ ಅಂತ ನನಗೂ ಗೊತ್ತಾಗಬೇಕು."

ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಆ ಮಾತೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಚಾನೆಲ್ ನೋಡುವವರೂ ಅದನ್ನೇ ಕೇಳುತ್ತಿದ್ದರು. ಡ್ರೈವರ್ ಹೋದ ಸುದ್ದಿಯನ್ನು ಹಲ್ಲಪ್ಪ ಒಂದೇ ಸಾಲಿನಲ್ಲಿ ಹಾಕಿದ್ದ. ಅದರ ಕೆಳಗೆ ಜನ ಬರೆಯುತ್ತಲೇ ಇದ್ದರು: ಹಾರ್ನ್ ಅಣ್ಣನಿಗೋಸ್ಕರ ಕೆಸರಣ್ಣನ ವಿಮರ್ಶೆ ಮಾಡಿ. ಹಾರ್ನ್ ಅಣ್ಣನ ಕೊನೆಯ ಆಸೆ, ಬಿಡಬೇಡಿ. ಅದು ಚೆನ್ನಾಗಿರಲಿ ಎಂದು ಎಲ್ಲರಿಗೂ ಆಸೆ. ಹಲ್ಲಪ್ಪನಿಗೂ.

ಮನೆಯಲ್ಲಿ ಡಬ್ಬ ಕೆಲವು ದಿನ ಹಾಗೇ ಕೂತಿತ್ತು. ಅವನು ಅದರ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಊಟ ಮಾಡಿದ. ಕರಾರು ಮುರಿಯಲು ಮನಸ್ಸಿಲ್ಲ. ಆದರೆ ಕರಾರಿಗೆ ಈಗ ಇನ್ನೊಬ್ಬ ಇರಲಿಲ್ಲ. ಕೊನೆಗೆ ಒಂದು ಸಂಜೆ, ಯಾರಿಗೋ ಕೇಳಿಸೀತು ಎನ್ನುವವನ ಹಾಗೆ ಮೆಲ್ಲಗೆ ಅಂಟುಪಟ್ಟಿ ಕೊಯ್ದ.

ಡಬ್ಬ ಬಲು ಚೆಂದವಿತ್ತು. ಮೇಲೆ ಬಂದರಿನ ಚಿತ್ರ, ಬೂದು ಆಕಾಶ, ಗೋಡೆಯ ಮೇಲೆ ಕೂತ ಕೆಸರಣ್ಣ. ಬರೆದವನಿಗೆ ಸಿನಿಮಾ ಗೊತ್ತಿತ್ತು. ಹಲ್ಲಪ್ಪನ ಎದೆ ಹಗುರಾಯಿತು. ಬೊಂಬೆಯಿದ್ದ ಒಳಗಿನ ಟ್ರೇ ಹೊರಗೆಳೆದ.

ಮೊದಲು ಕಂಡದ್ದು ಬಣ್ಣ. ಪ್ಲಾಸ್ಟಿಕ್ ಬಕೆಟ್ಟಿನ ಹಸಿರು. ಕೆಸರಿನ ಸೋಂಕೇ ಇರಲಿಲ್ಲ. ಬೊಂಬೆಯನ್ನು ಮೇಜಿನ ಮೇಲೆ ನಿಲ್ಲಿಸಿದ. ಬಲ ಮಂಡಿಯ ಕೀಲು ಸಡಿಲ, ಮುಂದಕ್ಕೆ ಮುಗ್ಗರಿಸಿತು. ಗೋಡೆಗೆ ಒರಗಿಸಿದ, ಜಾರಿತು. ಕೂರಿಸೋಣವೆಂದರೆ ಸೊಂಟ ಬಗ್ಗುವಂತೆಯೇ ಮಾಡಿಲ್ಲ. ಚಿತ್ರದಲ್ಲಿ ನೆನಪಿರುವುದೇ ಅವನು ಕೂತದ್ದು, ಇವನಿಗೆ ಕೂರಲು ಬರುವುದಿಲ್ಲ! ಮುಖದಲ್ಲಿ ಸುಸ್ತಿಲ್ಲ, ಯಾರನ್ನೋ ಹೊಡೆಯಲು ಹೊರಟ ಪೈಲ್ವಾನನ ಸಿಟ್ಟು. ಮತ್ತೆ ಆ ಕೈಗಳು. ಎರಡೂ ಕೈ ತಲೆಯ ಮೇಲಕ್ಕೆ ಎತ್ತಿ, ಬೆರಳು ಅಗಲಿಸಿ ನಿಂತಿದ್ದಾನೆ. ಭುಜಕ್ಕೆ ಕೀಲೇ ಇಲ್ಲ, ಅಚ್ಚಿನಲ್ಲೇ ಹಾಗೆ ಎರಕ ಹೊಯ್ದಿದ್ದಾರೆ.

ಹಲ್ಲಪ್ಪ ಕನ್ನಡಕ ಹಾಕಿಕೊಂಡು ಬಾಯಿ ನೋಡಿದ. ಬೆಳ್ಳಗೆ, ಸಾಲಾಗಿ, ಗಾರೆ ಗೋಡೆಯಂತೆ ನೇರವಾಗಿ ಹಲ್ಲು. ಹಲ್ಲು ಕಟ್ಟಿಸಲು ಬಂದವರೆಲ್ಲ ಮೊದಲು ಕೇಳುವುದು ಇಂಥದ್ದನ್ನೇ. ಹಾಕಿಕೊಂಡು ಕನ್ನಡಿ ನೋಡಿದ ಮೇಲೆ, ಇದು ನನ್ನ ಬಾಯಲ್ಲ ಎಂದು ಮುಖ ಸಪ್ಪೆ ಮಾಡುತ್ತಾರೆ.

"ಇದು ನಮ್ಮ ಕೆಸರಣ್ಣ ಅಲ್ಲ," ಎಂದ ಹಲ್ಲಪ್ಪ ಗಟ್ಟಿಯಾಗಿ. ಆಚೆಯಿಂದ ಯಾರೂ ಬೊಂಬೆಯ ಪರ ಮಾತಾಡಲಿಲ್ಲ.

ಅತ್ತಿಗೆಗೆ ಏನು ಹೇಳುವುದು? ಡ್ರೈವರ್ ಕಾದದ್ದು ಇದಕ್ಕೆ, ಇದು ಹೀಗಿದೆ ಎಂದು ಹೇಳುವುದೇ? ಸುಳ್ಳು ಹೇಳಿಬಿಡಬಹುದಿತ್ತು, ಆದರೆ ಬೊಂಬೆಯ ವಿಷಯದಲ್ಲಿ ಅವನು ಯಾವತ್ತೂ ಸುಳ್ಳು ಹೇಳಿದವನಲ್ಲ. ಡ್ರೈವರನ ಹುಟ್ಟುಹಬ್ಬಕ್ಕೆ ತಾನೇ ತಂದುಕೊಟ್ಟ ಬೊಂಬೆಯನ್ನೂ ಕ್ಯಾಮೆರಾದ ಎದುರು ಮಾತಿನಲ್ಲೇ ಹರಿದು ಹಾಕಿದ್ದವನು.

ಆಗ ಅವನಿಗೆ ಹೊಳೆದದ್ದು ಹಲ್ಲು ಮಾಡುವವನಿಗೆ ಮಾತ್ರ ಹೊಳೆಯುವಂಥ ಉಪಾಯ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಎನ್ನಲು ಆಗದಿದ್ದರೆ, ಚೆನ್ನಾಗಿ ಮಾಡಿಬಿಟ್ಟರಾಯಿತು. ಆಮೇಲೆ ಹೇಳಿದರೆ ಸುಳ್ಳಾಗುವುದಿಲ್ಲ.

ಮರುದಿನ ಕೆಲಸ ಮುಗಿದ ಮೇಲೆ ಕೆಸರಣ್ಣನನ್ನು ಕ್ಲಿನಿಕ್ಕಿಗೆ ಒಯ್ದ. ದವಡೆ ಹಿಡಿದಿಡುವ ಚೌಕಟ್ಟಿನಲ್ಲಿ ತಲೆ ಸಿಕ್ಕಿಸಿ, ಸಣ್ಣ ಡ್ರಿಲ್ಲಿನಿಂದ ಕಂಪನಿಯ ಹಲ್ಲುಗಳನ್ನೆಲ್ಲ ಉಜ್ಜಿ ತೆಗೆದ. ಬಿಳಿ ಪುಡಿ ಮೇಜಿನ ಮೇಲೆಲ್ಲ ಬಿತ್ತು. ಆಮೇಲೆ ಮೇಣದ ವಸಡು ಕಟ್ಟಿ, ಹಳೆಯ ಸೆಟ್ಟುಗಳಿಂದ ಉಳಿದಿದ್ದ ಹಲ್ಲಿನ ಚೂರುಗಳನ್ನು ಅಕ್ಕಿಕಾಳಿಗಿಂತ ಚಿಕ್ಕದಾಗಿ ತೀಡಿ, ಒಂದೊಂದಾಗಿ ಕೂರಿಸಿದ. ಒಂದಕ್ಕೆ ಸೊಟ್ಟ, ಒಂದಕ್ಕೆ ಸವಕಳಿ, ಬುಡದಲ್ಲಿ ಚಹಾ ಕುಡಿದವರ ಕಂದು. ಎಷ್ಟೋ ದಿನದ ಮೇಲೆ ಅವನ ಕೈ ತಾನಾಗಿ ಓಡುತ್ತಿತ್ತು. ಮೇಣ ತೆಗೆದು ಗಟ್ಟಿ ಪ್ಲಾಸ್ಟಿಕ್ಕಿಗೆ ಬದಲಾಯಿಸಿ, ಹೊಳಪು ಕೊಟ್ಟು, ಒರೆಸಿದ. ಸಿಟ್ಟಿನ ಮುಖದಲ್ಲಿ ಆ ಬಾಯಿ ಮಾತ್ರ ಬೇರೆಯಾಗಿ ಕಂಡಿತು. ಒಳಗೆ ಯಾರೋ ಸುಸ್ತಾದವರು ಇದ್ದಾರೆ ಎನ್ನುವ ಹಾಗೆ.

ಮನೆಗೆ ಹೊರಟಿದ್ದ ಡಾಕ್ಟರಮ್ಮ ಬಾಗಿಲಲ್ಲಿ ಇಣುಕಿದರು.

"ಯಾರ ಸೆಟ್ಟು ರೀ ಅದು? ಮೊಸಳೆದಾ?"

"ಪರಿಚಯದವರದು," ಎಂದ ಹಲ್ಲಪ್ಪ.

ಡಾಕ್ಟರಮ್ಮ ಹತ್ತಿರ ಬಂದು ಬೊಂಬೆಯ ಬಾಯಿ ನೋಡಿದರು. "ಚೆನ್ನಾಗಿ ಕೂತಿದೆ. ಕೈ ಯಾಕೆ ಹಾಗೆ ಎತ್ತಿದೆ? ಬಿಸಿನೀರಲ್ಲಿ ಹಾಕಿದರೆ ಮೆತ್ತಗಾಗತ್ತೆ, ಇಳಿಸಿಬಿಡಬಹುದು."

"ಇಳಿಸ್ತೀನಿ ಮೇಡಂ. ಆಮೇಲೆ."

ಅವರು ಲೈಟು ಆರಿಸುವುದನ್ನು ಮರೆಯಬೇಡಿ ಎಂದು ಹೇಳಿ ಹೋದರು.

ಭಾನುವಾರ ಬೆಳಿಗ್ಗೆ ಕೆಸರಣ್ಣನನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಅತ್ತಿಗೆಯ ಮನೆಗೆ ಹೋದ. ಬಿಚ್ಚಿ ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ. ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಕೂತರು.

"ಇದೇನಾ?"

"ಇದೇ."

"ಹೇಗಿದೆ ಹೇಳಿ."

"ಚೆನ್ನಾಗಿದೆ ಅತ್ತಿಗೆ," ಎಂದ ಹಲ್ಲಪ್ಪ. "ಮುಖ್ಯವಾಗಿ ಬಾಯಿ ಬಹಳ ಚೆನ್ನಾಗಿ ಬಂದಿದೆ."

ಅತ್ತಿಗೆ ಅವನ ಮುಖವನ್ನೇ ನೋಡಿದರು. "ಅಷ್ಟೇನಾ?"

"ಅಷ್ಟೇ."

ಅವರು ಬೊಂಬೆಯನ್ನು ಕೈಗೆತ್ತಿಕೊಂಡು ಆಚೀಚೆ ತಿರುಗಿಸಿದರು. ಸಡಿಲ ಕಾಲು ಲೊಡಲೊಡ ಎಂದಿತು. ಕೆಳಗಿಟ್ಟರು. ಅವರ ಮುಖ ಇಳಿದುಹೋಗಿತ್ತು.

"ಹಾಗಾದರೆ ಬೈಯೋದಕ್ಕೆ ಏನೂ ಇಲ್ಲವಾ ಇದರಲ್ಲಿ?"

"ಬೈಬೇಕಾ?"

"ಮತ್ತೆ? ಅದಕ್ಕೇ ಅಲ್ಲವಾ ಅವರು ಕಾದಿದ್ದು!" ಅತ್ತಿಗೆಯ ದನಿ ಏರಿತು. "ನೀವೇನು ತಿಳ್ಕೊಂಡಿದ್ರಿ? ಅವರಿಗೆ ಈ ಬೊಂಬೆ ಮೇಲೆ ಆಸೆ ಅಂತಲಾ? ನೀವು ಹೋದ ಮೇಲೆ ವಾರವೆಲ್ಲ ಅಡುಗೆಮನೇಲಿ ನನ್ನ ಹಿಂದೆ ಮುಂದೆ ಓಡಾಡ್ಕೊಂಡು, ಹಲ್ಲಪ್ಪ ಹೀಗಂದ, ನಾನು ಹೀಗಂದೆ, ಅವನ ಬಾಯಿ ಕಟ್ಟಿಹೋಯ್ತು ನೋಡು ಅಂತ ನಿಮ್ಮ ದನೀಲೇ ಹೇಳಿ ತೋರಿಸೋರು. ನನಗೆ ತಲೆ ಚಿಟ್ಟು ಹಿಡಿಯೋದು. ಈಗ..." ಎಂದು ನಿಲ್ಲಿಸಿ, ಮೇಜಿನ ಮೇಲೆ ಇಲ್ಲದ ಧೂಳನ್ನು ಒರೆಸಿದರು.

ಹಲ್ಲಪ್ಪ ಬೊಂಬೆಯನ್ನು ಎತ್ತಿ ಮತ್ತೆ ಉಪ್ಪಿನ ಡಬ್ಬಿಗೆ ಒರಗಿಸಿದ.

"ಆಸ್ಪತ್ರೆಯಲ್ಲಿದ್ದಾಗ ಕಂಪನಿಯವರು ಇದರ ಫೋಟೊ ಅವರ ಫೋನಿಗೆ ಕಳಿಸಿದ್ರು," ಎಂದರು ಅತ್ತಿಗೆ ಮೆಲ್ಲಗೆ. "ನೀವು ನೋಡಲ್ಲವಲ್ಲ, ಅದಕ್ಕೆ ನಿಮಗೆ ತೋರಿಸಬೇಡ ಅಂದ್ರು. ನೋಡಿ ನಕ್ಕಿದ್ದೇ ನಕ್ಕಿದ್ದು. ನರ್ಸಮ್ಮ ಓಡಿಬಂದ್ಲು. 'ಕೈ ಎತ್ತಿಬಿಟ್ಟಿದಾರೆ ಕಣೇ! ಕೆಸರಣ್ಣನ ಕೈ ಎತ್ತಿಬಿಟ್ಟಿದಾರೆ! ಹಲ್ಲಪ್ಪ ಇದನ್ನ ಉಳಿಸ್ತಾನಾ? ಸಿಗಿದು ತೋರಣ ಕಟ್ತಾನೆ!' ಅಂತ. ಆಮೇಲೆ 'ಅವನು ಕೈ ವಿಷಯ ಎತ್ತಲಿ, ನನ್ನತ್ರ ಉತ್ತರ ಇದೆ' ಅಂದ್ರು."

ಹಲ್ಲಪ್ಪ ತಲೆ ಎತ್ತಿದ. "ಏನಂತೆ ಉತ್ತರ?"

"ಹೇಳಲಿಲ್ಲ. ಎಷ್ಟು ಕೇಳಿದರೂ ಹೇಳಲಿಲ್ಲ. 'ನಿಂಗೆ ಹೇಳಿದರೆ ನೀನು ಅವನಿಗೆ ಹೇಳಿಬಿಡ್ತೀಯ, ಅವನು ತಯಾರಾಗಿ ಬರ್ತಾನೆ' ಅಂದ್ರು."

ಮೇಜಿನ ಮೇಲೆ ಕೆಸರಣ್ಣ ಎರಡೂ ಕೈ ಎತ್ತಿಕೊಂಡು ಉಪ್ಪಿನ ಡಬ್ಬಿಗೆ ಒರಗಿದ್ದ. ಹೊರಗೆ ರಸ್ತೆಯಲ್ಲಿ ಯಾರೋ ಗಾಡಿ ತೊಳೆಯುತ್ತಿದ್ದ ಸದ್ದು.

"ಅತ್ತಿಗೆ," ಎಂದ ಹಲ್ಲಪ್ಪ ಕೊನೆಗೆ, "ಆ ಬಾಯಿ ಕಂಪನಿದಲ್ಲ. ನಾನು ಮಾಡಿದ್ದು."

"ಅಂದರೆ?"

"ಅವರು ಕೊಟ್ಟಿದ್ದ ಹಲ್ಲನ್ನ ಉಜ್ಜಿ ತೆಗೆದೆ. ನೋಡೋಕೆ ಆಗ್ತಿರಲಿಲ್ಲ. ನಿಮಗೆ ಚೆನ್ನಾಗಿದೆ ಅಂತ ಹೇಳಬೇಕಿತ್ತಲ್ಲ."

ಅತ್ತಿಗೆ ಬಾಯಿ ಮೇಲೆ ಕೈ ಇಟ್ಟುಕೊಂಡರು. ಬೈಯುತ್ತಾರೇನೋ ಎಂದುಕೊಂಡ. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡ. ಕೈ ತೆಗೆದಾಗ ಅರ್ಧ ನಗು, ಅರ್ಧ ಅಳು.

"ರಾಕ್ಷಸನಿಗೆ ಹಲ್ಲಿನ ಸೆಟ್ಟು ಕಟ್ಟಿದ್ರಾ?"

"ಹೂಂ."

"ಮೊದಲು ಹೇಗಿತ್ತು?"

"ಹಲ್ಲುಪುಡಿ ಜಾಹೀರಾತಲ್ಲಿ ಒಬ್ಬ ನಗ್ತಾನಲ್ಲ ಅತ್ತಿಗೆ, ಹಾಗೆ. ಊರು ಮುಳುಗಿಸೋಕೆ ಬಂದವನು, ಬೆಳಿಗ್ಗೆ ಎದ್ದು ಎರಡು ಸಲ ಹಲ್ಲುಜ್ಜಿಕೊಂಡು ಬಂದ ಹಾಗಿತ್ತು."

"ಅಯ್ಯೋ, ಅದನ್ನ ತೆಗೆದುಬಿಟ್ರಲ್ಲ! ಬೆಪ್ಪುತಕ್ಕಡಿ ಅಂತ ಅವರು ನಿಮ್ಮನ್ನ ಅಂತಿದ್ದದ್ದು ಸುಳ್ಳಲ್ಲ."

ಹಲ್ಲಪ್ಪನೂ ನಕ್ಕ. ನಗುತ್ತಿರುವಾಗಲೇ ಅವನಿಗೆ ಅರ್ಥವಾಯಿತು, ಡ್ರೈವರ್ ಕಾದಿದ್ದ ಬೊಂಬೆ ಈಗ ಇಲ್ಲ. ಅದರ ಕೆಟ್ಟತನದ ಒಂದು ಪಾಲನ್ನು ತಾನೇ ಡ್ರಿಲ್ಲು ಹಿಡಿದು ಪುಡಿ ಮಾಡಿ, ಗುಡಿಸಿ, ಕಸದ ಡಬ್ಬಿಗೆ ಹಾಕಿದ್ದಾನೆ. ಆ ಜಾಹೀರಾತಿನ ಹಲ್ಲನ್ನು ಕಂಡು ಡ್ರೈವರ್ ಏನೇನು ಅನ್ನುತ್ತಿದ್ದನೋ.

"ಫೋನ್ ಕೊಡಿ," ಎಂದರು ಅತ್ತಿಗೆ. "ನಾನು ಹಿಡ್ಕೋತೀನಿ. ನೀವು ಬೈಯಿರಿ."

ಅತ್ತಿಗೆ ಫೋನು ಹಿಡಿದು ನಿಂತರು. ಹಲ್ಲಪ್ಪ ತನ್ನ ಯಾವತ್ತಿನ ಜಾಗದಲ್ಲಿ ಕೂತ. ನೋಡುವವರಿಗೆ ನಮಸ್ಕಾರ ಹೇಳಿದ. ಈ ಬೊಂಬೆಯ ಹಲ್ಲು ಕಂಪನಿಯದಲ್ಲ, ತಾನು ಹಾಕಿದ್ದು, ಆದ್ದರಿಂದ ಹಲ್ಲಿನ ಬಗ್ಗೆ ಕಂಪನಿಯನ್ನು ಬೈಯುವ ಹಕ್ಕು ತಾನು ಕಳೆದುಕೊಂಡಿದ್ದೇನೆ ಎಂದ. ಉಳಿದದ್ದಕ್ಕೆ ಇಳಿದ.

"ಬಣ್ಣ. ಇವನು ಕೆಸರಣ್ಣ. ಇದು ಸ್ನಾನದ ಮನೆ ಬಕೆಟ್ಟು."

ನಿಲ್ಲಿಸಿದ. ಒಂದು ಕ್ಷಣ ಎದುರಿನ ಖಾಲಿ ಜಾಗದ ಕಡೆ ನೋಡಿದ. ಮುಂದುವರಿಸಿದ.

"ಮಂಡಿ. ನಿಂತ್ಕೊಳ್ಳೋಕೆ ಬರಲ್ಲ. ಕೂತ್ಕೊಳ್ಳೋಕೂ ಬರಲ್ಲ. ಇವನನ್ನ ಮಲಗಿಸಿಯೇ ಸಾಕಬೇಕು."

ಮತ್ತೆ ನಿಂತ. ಪ್ರತಿ ತಪ್ಪು ಹೇಳಿದ ಮೇಲೂ ಅವನು ನಿಲ್ಲುತ್ತಿದ್ದ. ನಿಲ್ಲಬೇಕೆಂದು ನಿಂತದ್ದಲ್ಲ, ಅಷ್ಟು ವರ್ಷ ಹಾಗೇ ಮಾತಾಡಿ ನಾಲಗೆಗೆ ಅದೇ ರೂಢಿ. ಮುಖದ ಬಗ್ಗೆ, ಬಾಲದ ಬಗ್ಗೆ, ಡಬ್ಬದಿಂದ ಬರುವ ಸೀಮೆಎಣ್ಣೆಯಂಥ ವಾಸನೆಯ ಬಗ್ಗೆ ಹೇಳಿದ. ಕೊನೆಗೆ ಕೈಗಳಿಗೆ ಬಂದ.

"ಚಿತ್ರ ನೋಡಿದವರಿಗೆ ಗೊತ್ತು, ಇವನ ಕೈ ಎದೆಗಿಂತ ಮೇಲೆ ಹೋಗಲ್ಲ. ಒಳಗಿದ್ದ ಮನುಷ್ಯನಿಗೆ ಎತ್ತೋಕೆ ಆಗ್ತಿರಲಿಲ್ಲ. ಎತ್ತೋಕೆ ಆಗದೇ ಇರೋದೇ ಕೆಸರಣ್ಣ. ಇದನ್ನ ಮಾಡಿದವನು ಚಿತ್ರವನ್ನೇ ನೋಡಿಲ್ಲ."

ಮತ್ತೆ ಮೌನ. ಈ ಸಲ ಸ್ವಲ್ಪ ದೀರ್ಘವಾಯಿತು.

"ಇದಕ್ಕೆ ಹಾರ್ನ್ ಹತ್ತಿರ ಒಂದು ಉತ್ತರ ಇತ್ತಂತೆ," ಎಂದ ಹಲ್ಲಪ್ಪ. "ಏನು ಅಂತ ನನಗೆ ಗೊತ್ತಿಲ್ಲ."

ಅದನ್ನು ಕತ್ತರಿಸದೆ, ಕೂಡಿಸದೆ, ಇದ್ದ ಹಾಗೇ ಹಾಕಿದ. ಮೊದಲ ಕಾಮೆಂಟ್ ಬರೆದವನು, ನಡುನಡುವೆ ಧ್ವನಿ ಹೋಗುತ್ತಿದೆ, ಸರಿಮಾಡಿ ಎಂದಿದ್ದ. ಅದರ ಕೆಳಗೆ ಇನ್ನೊಬ್ಬ, ಧ್ವನಿ ಹೋಗಿಲ್ಲ, ಪೂರ್ತಿ ನೋಡು ಎಂದು ಬರೆದಿದ್ದ. ಆಮೇಲೆ ಉತ್ತರಗಳು ಬರತೊಡಗಿದವು. ಯಾರೂ ಕೇಳಿರಲಿಲ್ಲ, ಆದರೂ ಜನ ಡ್ರೈವರನ ಜಾಗದಲ್ಲಿ ನಿಂತು ವಾದ ಮಾಡಿದರು. ಮೈ ಮುರಿಯುತ್ತಿದ್ದಾನೆ, ಈಗಷ್ಟೇ ಎದ್ದಿದ್ದಾನೆ. ವೇಷ ಬಿಚ್ಚಿಕೊಳ್ಳುತ್ತಿದ್ದಾನೆ. ಟೀಚರ್, ನನಗೆ ಗೊತ್ತು ಎನ್ನುತ್ತಿದ್ದಾನೆ. ಒಂದಿಬ್ಬರು, ಬಸ್ಸು ನಿಲ್ಲಿಸಲು ಕೈ ಅಡ್ಡ ಹಾಕಿದ್ದಾನೆ ಎಂದು ಬರೆದಿದ್ದರು.

ಇದೇ ಇರಬೇಕು ಎನ್ನಿಸಿ ಹಲ್ಲಪ್ಪ ಅತ್ತಿಗೆಗೆ ಫೋನ್ ಮಾಡಿದ.

"ಅಲ್ಲ," ಎಂದರು ಅತ್ತಿಗೆ ಯೋಚಿಸದೆಯೇ. "ಎರಡು ಕೈ ಎತ್ತೋರಿಗೆ ಅವರು ಬಸ್ಸು ನಿಲ್ಲಿಸ್ತಾನೇ ಇರಲಿಲ್ಲ. 'ಒಂದು ಕೈ ಎತ್ತೋನು ಪ್ಯಾಸೆಂಜರ್ರು, ಎರಡು ಕೈ ಎತ್ತೋನು ಜಗಳಗಂಟ' ಅಂತಿದ್ರು."

"ಹಾಗಾದರೆ ಏನಿರಬಹುದು?"

"ನನಗೇನು ಗೊತ್ತು ಹಲ್ಲಪ್ಪೋರೇ. ನಿಮ್ಮನ್ನ ಬಾಯಿ ಮುಚ್ಚಿಸೋ ಥರದ್ದು ಏನೋ."

ಅದು ನಿಜ. ಡ್ರೈವರನ ಉತ್ತರಗಳನ್ನು ಮೊದಲೇ ಊಹಿಸಲು ಬಂದಿದ್ದರೆ ಅಷ್ಟು ವರ್ಷ ಅವನ ಎದುರು ಸೋಲುತ್ತಿದ್ದನೇ? ಕೆಲಸದ ಮೇಜಿನ ಎದುರು ಕೂತಾಗ, ಯಾರದೋ ವಸಡಿಗೆ ಮೇಣ ತೀಡುತ್ತಾ, ತನಗೆ ಹೊಳೆದ ಒಂದೊಂದು ಉತ್ತರವನ್ನೇ ಡ್ರೈವರನ ದೊಡ್ಡ ದನಿಯಲ್ಲಿ ಒಳಗೇ ಹೇಳಿ ನೋಡಿದ. ಕೆಲವು ಚೆನ್ನಾಗಿದ್ದವು. ಒಂದಕ್ಕಂತೂ ನಗುವೇ ಬಂತು. ಆದರೆ ಎಲ್ಲದರಲ್ಲೂ ತನ್ನ ಬುದ್ಧಿಯೇ ಕಾಣುತ್ತಿತ್ತು. ತನ್ನ ಬಾಯಿ ತನ್ನಿಂದಲೇ ಮುಚ್ಚುವುದಿಲ್ಲ.

ವಾರದ ಮಧ್ಯದಲ್ಲಿ ಡಾಕ್ಟರಮ್ಮ ಹೊಸ ಅಚ್ಚು ತಂದಿಟ್ಟು, "ನಿಮ್ಮ ಪರಿಚಯದವರ ಕೈ ಇಳಿಸಿದ್ರಾ?" ಎಂದು ಕೇಳಿದರು.

"ಇಲ್ಲ ಮೇಡಂ."

"ಬಿಸಿನೀರು ಬೇಕಾದರೆ ಅಲ್ಲೇ ಇದೆ ನೋಡಿ. ಐದು ನಿಮಿಷದ ಕೆಲಸ."

"ಇರಲಿ ಬಿಡಿ. ಹಾಗೇ ಇರಲಿ."

ಡಾಕ್ಟರಮ್ಮ ಭುಜ ಕುಣಿಸಿ ಹೋದರು. ಕೈ ಇಳಿಸಿದರೆ ಬೊಂಬೆ ನಿಜಕ್ಕೂ ಕೆಸರಣ್ಣನಿಗೆ ಹತ್ತಿರವಾಗುತ್ತಿತ್ತು, ಹಲ್ಲಪ್ಪನಿಗೆ ಗೊತ್ತಿತ್ತು. ಆದರೆ ಡ್ರೈವರನ ಉತ್ತರ ಇದ್ದದ್ದು ಈ ಎತ್ತಿದ ಕೈಗಳಿಗೆ. ಇಳಿಸಿಬಿಟ್ಟರೆ ಅವನು ಉತ್ತರ ಕೊಡಲು ಏನೂ ಉಳಿಯುವುದಿಲ್ಲ. ಹಲ್ಲಿನ ವಿಷಯದಲ್ಲಿ ಒಮ್ಮೆ ಮಾಡಿದ್ದು ಸಾಕು.

ಕೆಸರಣ್ಣ ಬೀರುವಿಗೆ ಹೋಗಲಿಲ್ಲ. ನಿಲ್ಲಲು ಬರದವನನ್ನು ಹಲ್ಲಪ್ಪ ತನ್ನ ಊಟದ ಮೇಜಿನ ಎದುರುಬದಿಯಲ್ಲಿ, ಗೋಡೆಗೆ ಒತ್ತಿ ಒರಗಿಸಿದ. ಆದರೂ ದಿನಕ್ಕೊಮ್ಮೆಯಾದರೂ ಜಾರುತ್ತಿತ್ತು. ಸಂಜೆ ಬಂದು ಅನ್ನ ಬಿಸಿಮಾಡಿ ಬಡಿಸಿಕೊಂಡು ಕೂರುವ ಮೊದಲು ಅದನ್ನು ಎತ್ತಿ ನೆಟ್ಟಗೆ ಮಾಡುತ್ತಿದ್ದ.

"ಕೈ ಯಾಕೋ ಎತ್ತಿದೀಯ?" ಎಂದು ಕೇಳಿ, ಸ್ವಲ್ಪ ಹೊತ್ತು ತಡೆದು, ಊಟಕ್ಕೆ ಕೈ ಹಾಕುತ್ತಿದ್ದ.